ಮಳೆನಾಡಿನ ಬಾಯಾರಿಕೆ

ಆಷಾಢಮಾಸದಲ್ಲಿ ಶೃಂಗೇರಿಗೆ ಹೋಗಿ, ಶ್ರೀ ಶಾರದೆಯ ದರ್ಶನ ಮಾಡಿ, ಕೆಂಪಗೆ ತುಂಬಿ ಹರಿಯುವ ತುಂಗೆಯನ್ನು ಕಂಡು, ಒದ್ದೆ ಕೊಡೆಯೊಡನೆ ಊರಿಗೆ ಹಿಂದಿರುಗಿದ ಪಟ್ಟಣವಾಸಿಗೆ ಒಂದು ಸಂಗತಿಯನ್ನು ನಂಬುವುದು ಕಷ್ಟ. ಅದೇ ಸೀಮೆಯ ಅಡಕೆತೋಟಗಳಲ್ಲಿ ಚೈತ್ರದ ಹೊತ್ತಿಗೆ ಪಂಪುಗಳು ಬಿಡುವಿಲ್ಲದೆ ಓಡುತ್ತಿರುತ್ತವೆ! ಇಷ್ಟು ಮಳೆ ಸುರಿಯುವ ನಾಡಿನಲ್ಲಿ ಮರಕ್ಕೇಕೆ ಬಾಯಾರಿಕೆ?

ಮಳೆಯೆಂಬುದು ಭೂಮಿಯ ಆದಾಯ. ಬೆಳೆಯ ನೀರಿನ ಅಗತ್ಯವೆಂಬುದು ಅದರ ಖರ್ಚು. ಜೂನಿನಿಂದ ಸೆಪ್ಟೆಂಬರಿನವರೆಗೆ ಬಂದ ಆದಾಯದ ಬಹುಪಾಲು ಅಕ್ಷರಶಃ ಹಳ್ಳ ಹಿಡಿದು ತುಂಗೆ ಭದ್ರೆಯರ ಪಾಲಾದ ಮೇಲೆ ಮಾರ್ಚಿ ತಿಂಗಳ ಖರ್ಚಿಗೆ ಅದು ಒದಗುವುದೆಂತು? ಖರ್ಚಾದರೂ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಬೇರು ಹೀರಿದ ನೀರಿನಲ್ಲಿ ಗಿಡವು ತನ್ನ ಮೈಗೆ ಉಳಿಸಿಕೊಳ್ಳುವುದು ಅತ್ಯಲ್ಪ. ಮಿಕ್ಕದ್ದೆಲ್ಲ ಎಲೆಗಳ ಸೂಕ್ಷ್ಮರಂಧ್ರಗಳಿಂದ ಆವಿಯಾಗಿ ಗಾಳಿಯನ್ನು ಸೇರುತ್ತದೆ. ಎಷ್ಟು ಸೇರಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆಕಾಶ. ಗೃಹಿಣಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಶ್ರಾವಣದಲ್ಲಿ ಮೂರು ದಿನವಾದರೂ ಆರದ ಸೀರೆ ಚೈತ್ರದಲ್ಲಿ ಅಡಿಗೆ ಮುಗಿಯುವುದರೊಳಗೆ ಗರಿಗರಿಯಾಗುತ್ತದೆ. ಅದನ್ನು ಒಣಗಿಸುವ ಬಿಸಿಲು, ಸೆಕೆ, ಒಣಹವೆ, ಗಾಳಿಯ ಬೀಸು ಇವೇ ಮರದ ನೀರನ್ನೂ ಸೆಳೆಯುತ್ತವೆ. ಈ ನಾಲ್ಕನ್ನೂ ಒಂದೇ ಸಮೀಕರಣದಲ್ಲಿ ಹಿಡಿದಿಟ್ಟವರು ಇಂಗ್ಲೆಂಡಿನ ವಿಜ್ಞಾನಿ ಹೊವರ್ಡ್ ಪೆನ್‌ಮನ್. ಅದು ಪ್ರಕಟವಾದದ್ದು 1948ರಲ್ಲಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1998ರಲ್ಲಿ ಹೊರತಂದ ಕೈಪಿಡಿಯೂ ಅದೇ ಜಾಡಿನದು. 12 ಸೆಂಟಿಮೀಟರ್ ಎತ್ತರದ ಹಸಿರು ಹುಲ್ಲು ಎಷ್ಟು ನೀರು ಕಳೆಯುವುದೋ ಅದನ್ನು ಅಳತೆಗೋಲಾಗಿಟ್ಟು, ಆಯಾ ಬೆಳೆಯ ಜಾತಿ ಮತ್ತು ಪ್ರಾಯಕ್ಕೆ ತಕ್ಕ ಗುಣಾಂಕದಿಂದ ಗುಣಿಸಿ ಲೆಕ್ಕ ಹಾಕುತ್ತಾರೆ. ಎಳೆಯ ಸಸಿಯ ಪಾಲು ಕಡಮೆ, ಎಲೆ ತುಂಬಿ ನಿಂತ ಬೆಳೆಯ ಪಾಲು ಹೆಚ್ಚು.

ಅಡಕೆ ಮರಕ್ಕೆ ಒಂದು ಸಲಕ್ಕೆ ಸುಮಾರು 175 ಲೀಟರ್ ನೀರೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರ ಸಲಹೆ. ನವೆಂಬರ್-ಡಿಸೆಂಬರಿನಲ್ಲಿ ವಾರಕ್ಕೊಮ್ಮೆ ಉಣಿಸಿದರೆ ಸಾಕು. ಮಾರ್ಚಿಯಿಂದ ಮೇವರೆಗೆ ಮೂರು ನಾಲ್ಕು ದಿನಕ್ಕೊಮ್ಮೆ ಬೇಕು. ಮರ ಅದೇ, ಬೇರು ಅದೇ. ಬದಲಾದದ್ದು ಬಿಸಿಲು ಮಾತ್ರ.

ಸ್ಥಳವೂ ಬದಲಾಗುತ್ತದೆನ್ನಿ. ಘಟ್ಟದ ಮಗ್ಗುಲಿನ ಶೃಂಗೇರಿಯಲ್ಲಿ ಮಳೆ ಹೆಚ್ಚು. ಮೂಡಲಿಗೆ, ಭದ್ರಾ ಜಲಾಶಯದ ಹಿನ್ನೀರಿನ ಕಡೆಯ ನರಸಿಂಹರಾಜಪುರಕ್ಕೆ ಬರುವ ವೇಳೆಗೆ ಅದು ಬಹಳ ಇಳಿದಿರುತ್ತದೆ. ಹಳೆಯ ತೋಟಗಳು ಕಣಿವೆಯ ತಳದಲ್ಲಿ, ಒರತೆಯ ತಂಪಿನಲ್ಲಿ, ಬಿಸಿಲು ಗಾಳಿಗಳಿಗೆ ಮರೆಯಾಗಿ ನಿಂತವು. ಗುಡ್ಡದ ಓರೆಯ ಜಂಬಿಟ್ಟಿಗೆ ಮಣ್ಣಿನಲ್ಲಿ ಎಬ್ಬಿಸಿದ ಹೊಸ ತೋಟಕ್ಕೆ ಆ ಭಾಗ್ಯವಿಲ್ಲ; ಹರಳುಮಣ್ಣು ನೀರನ್ನು ಬಹುಕಾಲ ಹಿಡಿದಿಡಲಾರದು. ಹಿರಿಯರು ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಗುಗಳನ್ನು ಹೊತ್ತು ತಂದು ಬುಡಕ್ಕೆ ಹೊದಿಸುತ್ತಿದ್ದುದು ಗೊಬ್ಬರಕ್ಕಾಗಿ ಮಾತ್ರವಲ್ಲ, ನೆಲದ ತೇವ ಆರದಿರಲೆಂದೂ ಹೌದು.

ಕಾಫಿಯದು ಇನ್ನೊಂದು ವಿಚಿತ್ರ. ಅದರ ಮೊಗ್ಗಿಗೆ ಕೆಲವು ವಾರಗಳ ಬಾಯಾರಿಕೆಯೇ ಬೇಕು! ಒಣಗಿ ಕಾದ ಬಳಿಕ ಒಂದಂಗುಲದಷ್ಟು ಹೂಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಮಲ್ಲಿಗೆಯಂತೆ ಬೆಳ್ಳಗೆ ಅರಳುತ್ತದೆ.

ನೀರು ಹೆಚ್ಚಾದರೇನು ನಷ್ಟ ಎನ್ನುವವರುಂಟು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಡಕೆಯನ್ನು ದಶಕಗಳಿಂದ ಹಳದಿ ಎಲೆ ರೋಗ ಕಾಡುತ್ತಿದೆ. ಅದಕ್ಕೆ ಕಾರಣ ಒಂದು ಅತಿಸೂಕ್ಷ್ಮ ಜೀವಿ. ನೀರಿನಿಂದ ಅದು ಗುಣವಾಗುವುದಿಲ್ಲ. ಬಸಿಗಾಲುವೆ ಹೂಳು ತುಂಬಿ, ಬೇರಿಗೆ ಉಸಿರಿಲ್ಲದಾದಾಗಲೂ ಗರಿ ಹಳದಿಯಾಗುತ್ತದೆ. ನೀರಿಲ್ಲದೆ ಬಳಲಿದಾಗಲೂ ಹಾಗೆಯೇ. ಹಳದಿ ಕಂಡೊಡನೆ ಬಾಯಾರಿಕೆಯೆಂದು ಬಗೆದು ಪಂಪು ಹಚ್ಚುವ ಯಜಮಾನನು ರೋಗದ ಮರವನ್ನು ಉಳಿಸಲಾರ, ಕೊಳೆಯುವ ಬೇರನ್ನು ಇನ್ನಷ್ಟು ಕೊಳೆಸಿಯಾನು. ಅದೇ ಹಳ್ಳದ ನೀರನ್ನು ನೆಚ್ಚಿದ ಕೆಳಗಿನ ತೋಟದವರಿಗೆ ಮೇ ತಿಂಗಳಲ್ಲಿ ಬರಿಯ ಮರಳು ಉಳಿಯುತ್ತದೆ. ಬೇಸಗೆಯ ನೆರೆಹೊರೆಯ ಮನಸ್ತಾಪಗಳಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಆದಕಾರಣ ಅನುಭವಿಯಾದ ಕೃಷಿಕನು ಗರಿಯನ್ನು ನೋಡುವ ಮೊದಲು ದರಗು ಸರಿಸಿ, ಗೇಣುದ್ದ ಅಗೆದು, ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿ ನೋಡುತ್ತಾನೆ. ಉಂಡೆ ನಿಂತರೆ ಅಂದು ಪಂಪಿಗೆ ರಜೆ; ಹಳ್ಳದ ನೀರು ಕೆಳಗಿನ ತೋಟಕ್ಕೆ ಹೋಗುತ್ತದೆ.