ಅಳುವವರ ಬಳಿಯಲ್ಲಿ



ನವೆಂಬರ್ ತಿಂಗಳ ಮೊದಲ ಎರಡು ದಿನಗಳು ಗಡಿನಾಡಿನ ಕ್ರೈಸ್ತ ಕನ್ನಡಿಗರಿಗೆ ಬೇರೆಯವರಿಗಿಂತ ತುಸು ಭಾರವಾದವು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು; ತಾಳವಾಡಿಯ ಬೆಟ್ಟಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಮರುದಿನವಾದ ನವೆಂಬರ್ 2, ಕಥೋಲಿಕ ಸಭೆಯು ಮೃತರೆಲ್ಲರನ್ನೂ ಸ್ಮರಿಸುವ ದಿನ. ಒಂದು ದಿನ ಗಡಿಯನ್ನು ನೆನೆದರೆ, ಮರುದಿನ ಗಡಿಯಿಲ್ಲದ ನಾಡಿಗೆ ತೆರಳಿದವರನ್ನು ನೆನೆಯುತ್ತೇವೆ.

ಆ ಹೊತ್ತಿಗೆ ತಾಳವಾಡಿಯ ಹೊಲಗಳಲ್ಲಿ ರಾಗಿಯ ತೆನೆ ಬಲಿಯುತ್ತಿರುತ್ತದೆ. ಆನೆ ನುಗ್ಗದಂತೆ ಇರುಳೆಲ್ಲ ಕಾವಲಿದ್ದವರೂ ಬೆಳಿಗ್ಗೆ ಸಮಾಧಿಯ ಹುಲ್ಲು ಕಿತ್ತು, ಹೂವಿರಿಸಿ, ಮೇಣದ ಬತ್ತಿ ಹಚ್ಚುತ್ತಾರೆ. ಕೆಲವರ ಹೆತ್ತವರು ಚಾಮರಾಜನಗರದ ಕಡೆಯ ಮಣ್ಣಿನಲ್ಲಿದ್ದಾರೆ. ಕೆಲವರ ಮಕ್ಕಳು ಘಟ್ಟದ ಕೆಳಗೆ ಈರೋಡು, ಕೊಯಮತ್ತೂರುಗಳಲ್ಲಿ ದುಡಿಯುತ್ತಿದ್ದಾರೆ. ದಿಂಬಂ ಘಟ್ಟದ 27 ತಿರುವುಗಳಲ್ಲಿ 2022ರಿಂದ ರಾತ್ರಿಯ ವಾಹನಸಂಚಾರಕ್ಕೆ ನಿರ್ಬಂಧವಿದೆ. ಸಂಜೆ ಸಾವು ಸಂಭವಿಸಿದರೆ, ಕೆಳಗಿನ ಬಂಧುಗಳು ಬರುವವರೆಗೆ ಶವದ ಬಳಿ ಇರುಳು ಕಳೆಯಬೇಕಾದವರು ನೆರೆಹೊರೆಯವರೇ.

ಕೆಲವು ವರ್ಷಗಳ ಹಿಂದೆ ಅಂಥ ಒಂದು ಮನೆಗೆ ನಾವು ಹೋಗಿದ್ದೆವು. ಹರೆಯದ ಮಗನನ್ನು ಕಳೆದುಕೊಂಡ ತಾಯಿಗೆ ದೇವರ ಚಿತ್ತದ ವಿಷಯವಾಗಿ, ಪುನರುತ್ಥಾನದ ನಿರೀಕ್ಷೆಯ ವಿಷಯವಾಗಿ ಬಹಳ ಹೊತ್ತು ಹೇಳಿದೆವು. ಎಲ್ಲವನ್ನೂ ಕೇಳಿದ ಆಕೆ, “ಹಂಗಾರೆ ನಾನು ಅಳೋದು ತಪ್ಪಾಣ್ಣಾ?” ಎಂದರು. ನಾವು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಅದು ಆಕೆಯ ಕಣ್ಣೀರಿಗೆ ಹಾಕಿದ ಬೇಲಿಯಾಗಿತ್ತು. ಉತ್ತರಿಸಲಾರದೆ ತಲೆತಗ್ಗಿಸಿದೆವು.

ಉತ್ತರವು ಬೇಥಾನ್ಯದಲ್ಲಿದೆ. ಲಾಜರನು ಸಮಾಧಿಯಲ್ಲಿದ್ದು ನಾಲ್ಕು ದಿನಗಳಾಗಿದ್ದವು. ನೀನು ಇಲ್ಲಿದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲವೆಂದು ಮಾರ್ಥಳೂ ಮರಿಯಳೂ ಯೇಸುವಿನ ಮುಂದೆ ಹೇಳಿಕೊಂಡರು. ಅದರಲ್ಲಿ ದೂರೂ ಇತ್ತು, ನಂಬಿಕೆಯೂ ಇತ್ತು. ಆತನು ಅವರನ್ನು ಗದರಿಸಲಿಲ್ಲ. ಮೃತನನ್ನು ಎಬ್ಬಿಸುವೆನೆಂದು ತಿಳಿದಿದ್ದರೂ ಮೊದಲು ಅವರೊಂದಿಗೆ ಅತ್ತನು. ಹೀಗಿರುವಾಗ ಕಣ್ಣೀರನ್ನು ಅವಿಶ್ವಾಸವೆಂದು ಕರೆಯುವ ಅಧಿಕಾರ ನಮಗೆಲ್ಲಿಯದು?

ಯೋಬನ ಗೆಳೆಯರನ್ನೂ ನೆನೆಯೋಣ. ಅವರು ಬಂದು ಏಳು ದಿನ, ಏಳು ರಾತ್ರಿ ಆತನೊಂದಿಗೆ ನೆಲದ ಮೇಲೆ ಮೌನವಾಗಿ ಕುಳಿತರು. ಅಷ್ಟರವರೆಗೆ ಅವರು ನಿಜವಾದ ಗೆಳೆಯರು. ಬಾಯ್ತೆರೆದು ದುಃಖಕ್ಕೆ ಕಾರಣ ಹುಡುಕತೊಡಗಿದ ಮೇಲೆ ಅವರ ಮಾತುಗಳೇ ಆತನ ಗಾಯವನ್ನು ಕೆರಳಿಸಿದವು.

ನಮ್ಮ ನುಡಿಯಲ್ಲಿ ‘ಸಮಾಧಾನ’ವೆಂಬ ಒಂದೇ ಪದಕ್ಕೆ ಎರಡು ಮುಖಗಳಿವೆ. ಕನ್ನಡ ಬೈಬಲಿನಲ್ಲಿ ಅದು ದೇವರು ಕೊಡುವ ಶಾಂತಿ. ಮನೆಮಾತಿನಲ್ಲಿ ಅಳುವವರನ್ನು ಸಂತೈಸುವ ಕೆಲಸ. ಮೊದಲನೆಯದನ್ನು ಕೊಡುವವನು ದೇವರು. ಎರಡನೆಯದು ನಮ್ಮ ಪಾಲಿನ ಸೇವೆ. ದುಃಖಿಸುವವರನ್ನು ಧನ್ಯರೆಂದು ಯೇಸು ಬೆಟ್ಟದ ಮೇಲೆ ಸಾರಿದಾಗ, ಅವರಿಗೆ ಆದರಣೆ ದೊರೆಯುವುದೆಂದು ಮಾತು ಕೊಟ್ಟನೇ ಹೊರತು, ದುಃಖವನ್ನು ಬೇಗ ಮುಗಿಸಿರೆಂದು ಹೇಳಲಿಲ್ಲ. ಆ ಆದರಣೆಯು ಎಷ್ಟೋ ಸಲ ನೆರೆಮನೆಯ ಗಂಜಿಯ ಪಾತ್ರೆಯಲ್ಲಿ ಬರುತ್ತದೆ.

ಆದುದರಿಂದ ವಾಚಕರಲ್ಲಿ ನಮ್ಮದೊಂದು ವಿನಂತಿ. ಮಣ್ಣಿನ ದಿನ ಎಲ್ಲರೂ ಬರುತ್ತಾರೆ. ತಿಂಗಳ ಪೂಜೆಯಾದ ಮೇಲೆ ಅಂಗಳ ಬರಿದಾಗುತ್ತದೆ. ಆಗ ಹೋಗಿರಿ. ಮೃತರ ಹೆಸರು ಹಿಡಿದು ಮಾತನಾಡಿರಿ. ಮನೆಯವರು ಹೇಳಿದ್ದನ್ನೇ ಮತ್ತೆ ಹೇಳಿದರೂ ಕೇಳಿರಿ. ದೇವಾಲಯದ ಪೂಜೆ ತಮಿಳಿನಲ್ಲಿಯೇ ನಡೆದರೂ, ಮನೆಯ ಪ್ರಾರ್ಥನೆ ಅವರು ಅಳುವ ಕನ್ನಡದಲ್ಲಿಯೇ ಇರಲಿ.

ಆ ತಾಯಿಯ ಮನೆಗೆ ನಾವು ಮರುವರ್ಷವೂ ಹೋದೆವು. ಉಪದೇಶ ಮಾಡಲಿಲ್ಲ. ಆಕೆ ಮಗನ ಬಾಲ್ಯವನ್ನು ಹೇಳುತ್ತ ಅತ್ತರು, ನಡುವೆ ಒಮ್ಮೆ ನಕ್ಕರು. ಹೊರಡುವಾಗ, “ಮತ್ತೆ ಬನ್ನಿ ಅಣ್ಣಾ” ಎಂದರು.