ನೀರಿನ ಲೆಕ್ಕ ಕೇಳುವವರಾರು?

ಉಡುಪಿ ಹೋಟೆಲಿಗೆ ಕಾಲಿಟ್ಟ ಗಿರಾಕಿಯ ಮುಂದೆ ತಿಂಡಿಯ ಪಟ್ಟಿಗಿಂತ ಮೊದಲು ಬಂದು ಕೂರುವುದು ನೀರಿನ ಲೋಟ. ಕೇಳದೆಯೇ ಕೊಡುವ, ಬೆಲೆ ಕಟ್ಟದ ಆ ನೀರು ಈ ಮಹಾನಗರಕ್ಕೆ ನಮ್ಮವರು ರೂಢಿಸಿಕೊಟ್ಟ ಶಿಷ್ಟಾಚಾರಗಳಲ್ಲಿ ಒಂದು. ಈಗ ಅದೇ ಮೇಜಿನ ಬಳಿ ನಿಂತ ಮಾಣಿ 'ಸಾದಾ ನೀರೋ, ಬಾಟಲಿಯೋ?' ಎಂದು ಕೇಳುತ್ತಾನೆ. ಆ 'ಸಾದಾ' ಎಂಬ ಮಾತಿನೊಳಗೆ ಸಣ್ಣದೊಂದು ಅನುಮಾನ ಅಡಗಿದೆ. ಕಾಂದಿವಲಿಯ ನಮ್ಮ ಮನೆಗಳಲ್ಲಿಯೂ ಅಡುಗೆಮನೆಯ ಗೋಡೆಗೆ ಶುದ್ಧೀಕರಣ ಯಂತ್ರ ಏರಿ ಎಷ್ಟೋ ಕಾಲವಾಯಿತು. ನಲ್ಲಿಯ ನೀರನ್ನು ನಂಬಬಾರದೆಂದು ನಾವು ತೀರ್ಮಾನಿಸಿಯಾಗಿದೆ. ಆದರೆ ಆ ತೀರ್ಮಾನಕ್ಕೆ ಆಧಾರವೇನೆಂದು ಕೇಳಿದರೆ ನಮ್ಮಲ್ಲಿ ಬಹುಮಂದಿಯ ಬಳಿ ಉತ್ತರವಿಲ್ಲ. ಈ ನೀರನ್ನು ಯಾರು ಪರೀಕ್ಷಿಸುತ್ತಾರೆ, ಎಲ್ಲಿ, ಎಷ್ಟು ಸಲ, ಅದರ ಫಲಿತಾಂಶ ಎಲ್ಲಿಗೆ ಹೋಗುತ್ತದೆ ಎಂಬುದನ್ನು ವಿಚಾರಿಸದೆ ಅಪನಂಬಿಕೆಯನ್ನು ಮಾತ್ರ ಸಾಕಿಕೊಂಡು ಬಂದಿರುವುದು ನಾಗರಿಕ ಲಕ್ಷಣವಲ್ಲ ಎಂಬುದೇ ನನ್ನ ತಕರಾರು.

ಮೊದಲಿಗೆ ಮಹಾನಗರಪಾಲಿಕೆಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. 1860ರಲ್ಲಿ ವಿಹಾರ, 1879ರಲ್ಲಿ ತುಳಸಿ, 1892ರಲ್ಲಿ ತಾನಸಾ ಎಂದು ಆರಂಭವಾಗಿ 2014ರ ಮಧ್ಯ ವೈತರಣಾದವರೆಗೆ ಏಳು ಜಲಾಶಯಗಳು ಈ ನಗರದ ದಾಹವನ್ನು ತಣಿಸುತ್ತಿವೆ. ದಿನಕ್ಕೆ ಸುಮಾರು 385 ಕೋಟಿ ಲೀಟರ್ ನೀರು. ಅದರಲ್ಲಿ ಬಹುಭಾಗವನ್ನು ನೂರು ಕಿಲೋಮೀಟರುಗಳಷ್ಟು ದೂರದ ಬೆಟ್ಟಸೀಮೆಯಿಂದ ತರಲಾಗುತ್ತದೆ. ತುಳಸಿ, ವಿಹಾರಗಳಂತೂ ಕಾಂದಿವಲಿಯ ಬೆನ್ನಿಗಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನೊಳಗೇ ಇವೆ. ಆ ಕಾಡು ಉಳಿದಿರುವುದರಲ್ಲಿ ಕುಡಿಯುವ ನೀರಿನ ಪಾಲು ದೊಡ್ಡದು. ಅಲ್ಲಿಂದ ಕೂಗಳತೆಯಲ್ಲಿರುವ ಪವಾಯಿ ಕೆರೆಯನ್ನೂ 1890ರ ಆಸುಪಾಸಿನಲ್ಲಿ ಕುಡಿಯುವ ನೀರಿಗೆಂದೇ ಕಟ್ಟಿದ್ದರು. ನೀರಿನ ಗುಣ ಸಾಲದೆ ಅದನ್ನು ಕೈಬಿಡಬೇಕಾಯಿತು. ಕೆರೆ ತುಂಬಿದ ಮಾತ್ರಕ್ಕೆ ಲೋಟ ತುಂಬುವುದಿಲ್ಲವೆಂಬ ಪಾಠ ಈ ನಗರಕ್ಕೆ ಹೊಸದೇನಲ್ಲ.

ಪಶ್ಚಿಮ ಉಪನಗರಗಳಿಗೆ ಬರುವ ನೀರಿನ ದೊಡ್ಡ ಪಾಲು ಭಾಂಡುಪಿನ ಶುದ್ಧೀಕರಣ ಕೇಂದ್ರದ್ದು. ಪಟಿಕದ ಜಾತಿಯ ರಾಸಾಯನಿಕ ಬೆರೆಸಿ ರಾಡಿಯನ್ನು ತಳಕ್ಕಿಳಿಸಿ, ಮರಳಿನ ಪದರಗಳ ಮೂಲಕ ಸೋಸಿ, ಕ್ಲೋರಿನ್ ಹಾಕಿ ಅಲ್ಲಿಂದ ಬಿಡುತ್ತಾರೆ. 2019ರ ನವೆಂಬರಿನಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ, ಭಾರತೀಯ ಮಾನಕ ಸಂಸ್ಥೆಯ ವರದಿಯಲ್ಲಿ ಮುಂಬಯಿಯಿಂದ ಒಯ್ದ 10 ಮಾದರಿಗಳೂ ಕುಡಿಯಲು ಯೋಗ್ಯವೆಂದು ತೇರ್ಗಡೆಯಾದವು. ರಾಜಧಾನಿ ದಿಲ್ಲಿಯ ಒಂದು ಮಾದರಿಯೂ ತೇರ್ಗಡೆಯಾಗಲಿಲ್ಲ. ಪತ್ರಿಕೆಗಳಲ್ಲಿ ಆ ಸುದ್ದಿಯನ್ನು ಓದಿ ಹಿಗ್ಗಿದ ನಾವು, ಮರುದಿನವೂ ಯಂತ್ರದ ಗುಂಡಿ ಒತ್ತಿಯೇ ನೀರು ಕುಡಿದೆವು.

ಹಾಗಾದರೆ ಅನುಮಾನ ಸುಳ್ಳೇ? ಅಲ್ಲ. ಅನುಮಾನಪಡಬೇಕಾದ ಜಾಗ ಬೇರೆ.

ಪರೀಕ್ಷೆಯ ಕ್ರಮ ಹೀಗಿದೆ. ಸೇವಾ ಜಲಾಶಯಗಳಿಂದಲೂ ವಾರ್ಡುಗಳಲ್ಲಿ ಗೊತ್ತುಪಡಿಸಿದ ನಲ್ಲಿಗಳಿಂದಲೂ ಪಾಲಿಕೆಯ ನೌಕರರು ಕ್ರಿಮಿಶುದ್ಧ ಮಾಡಿದ ಸೀಸೆಗಳಲ್ಲಿ ನೀರು ಹಿಡಿದು ದಾದರಿನ ಪಾಲಿಕಾ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಇಡೀ ನಗರಕ್ಕೆ ದಿನವೊಂದಕ್ಕೆ 200ರ ಆಸುಪಾಸು ಮಾದರಿಗಳು. ಮಳೆಗಾಲದಲ್ಲಿ ಸಂಖ್ಯೆಯನ್ನು ಏರಿಸುತ್ತಾರೆ. ಅಲ್ಲಿ 100 ಮಿಲಿಲೀಟರ್ ನೀರನ್ನು ತೆಳುಪೊರೆಯೊಂದರ ಮೂಲಕ ಸೋಸಿ, ಪೊರೆಯನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಮರುದಿನ ಅದರ ಮೇಲೆ ರೋಗಾಣುಗಳ ಗುಂಪು ಬೆಳೆದಿದೆಯೇ ಎಂದು ನೋಡುತ್ತಾರೆ. ಮಲದ ಸಂಪರ್ಕವನ್ನು ಸಾರುವ ಇ-ಕೋಲಿ ಕಂಡುಬಂದರೆ ನಮ್ಮ ರಾಷ್ಟ್ರೀಯ ಮಾನಕದ ಪ್ರಕಾರ ಆ ನೀರು ಅಯೋಗ್ಯ. ಮತ್ತೆ ಮಾದರಿ ತೆಗೆಯುವುದು, ಸೋರುವ ಜಾಗ ಹುಡುಕಿ ಅಗೆಯುವುದು, ಕೊಳವೆ ತೊಳೆಯುವುದು, ನೀರು ಕಾಯಿಸಿ ಕುಡಿಯಿರೆಂದು ಸಾರುವುದು ಆಮೇಲಿನ ಕೆಲಸ. ಇಲ್ಲಿ ಓದುಗರು ಗಮನಿಸಬೇಕಾದ ಒಂದು ಮಾತಿದೆ. ಫಲಿತಾಂಶ ಬರುವ ಹೊತ್ತಿಗೆ ಆ ನೀರನ್ನು ಕುಡಿದು ಒಂದು ದಿನವಾಗಿರುತ್ತದೆ. ಪ್ರಯೋಗಾಲಯ ಕಾವಲುಗಾರನಲ್ಲ, ಪಂಚನಾಮೆ ಬರೆಯುವವನು. ನಿಜವಾದ ಕಾವಲುಗಾರ ನೀರಿನಲ್ಲಿ ಉಳಿದಿರುವ ಕ್ಲೋರಿನ್ ಅಂಶ. ಲೀಟರಿಗೆ 0.2 ಮಿಲಿಗ್ರಾಮಿಗೆ ಕಡಿಮೆಯಾಗದಷ್ಟು ಅದು ನಲ್ಲಿಯ ಬಾಯಲ್ಲಿ ಉಳಿದಿರಬೇಕು. ಅದನ್ನು ಬಣ್ಣದ ಪರೀಕ್ಷೆಯಿಂದ ಕೆಲವೇ ನಿಮಿಷಗಳಲ್ಲಿ ಯಾರು ಬೇಕಾದರೂ ನೋಡಬಹುದು. ನೀರಿಗೆ ಔಷಧದ ವಾಸನೆ ಎಂದು ಮೂಗು ಮುರಿಯುವ ನಮ್ಮವರು, ಆ ವಾಸನೆ ಪೂರ್ತಿ ಇಲ್ಲದ ದಿನ ಹೆದರುವುದು ಹೆಚ್ಚು ಸರಿ.

ಭಾಂಡುಪಿನಲ್ಲಿ ಶುದ್ಧವಾಗಿ ಹೊರಟ ನೀರು ದಾರಿಯಲ್ಲಿ ಕೆಡುವುದೇಕೆ? ನಮ್ಮಲ್ಲಿ ನೀರು ದಿನದ ಕೆಲವೇ ಗಂಟೆ ಬರುವುದು ಇದರ ಮುಖ್ಯ ಕಾರಣ. ಕೊಳವೆ ತುಂಬಿ ಹರಿಯುತ್ತಿರುವಾಗ ಒಳಗಿನ ಒತ್ತಡ ಹೊರಗಿನ ಕೊಳಕನ್ನು ದೂಡಿಟ್ಟಿರುತ್ತದೆ. ನೀರು ನಿಂತೊಡನೆ ಕೊಳವೆ ಬರಿದಾಗಿ, ಬಿರುಕುಗಳ ಮೂಲಕ ಸುತ್ತಲಿನ ಗಟಾರದ ನೀರನ್ನು ಹೀರಿಕೊಳ್ಳುತ್ತದೆ. ಇದಕ್ಕೆ ಪುರಾವೆ ಒದಗಿಸಿರುವುದು ನಮ್ಮ ಹುಬ್ಬಳ್ಳಿ-ಧಾರವಾಡವೇ. ಅಲ್ಲಿ ಕೆಲವು ಬಡಾವಣೆಗಳಿಗೆ ಮಾತ್ರ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆದಾಗ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಬಗೆಯ ನಲ್ಲಿಗಳ ನೀರನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದರು. ಸತತವಾಗಿ ನೀರು ಬರುವ ನಲ್ಲಿಗಳ ಮಾದರಿಗಳಲ್ಲಿ ಇ-ಕೋಲಿ ಸಿಕ್ಕಿದ್ದು ಶೇಕಡಾ 0.7ರಲ್ಲಿ, ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ ಶೇಕಡಾ 31.7ರಲ್ಲಿ. ಊರು ಒಂದೇ, ವ್ಯತ್ಯಾಸ ನೀರು ಬಿಡುವ ಕ್ರಮದ್ದು. ಮುಂಬಯಿಯಲ್ಲಿಯೂ 2014ರಲ್ಲಿ ಬಾಂದ್ರಾ ಪಶ್ಚಿಮ ಮತ್ತು ಮುಲುಂಡಗಳಿಗೆ ಇಂಥದೇ ಯೋಜನೆಯನ್ನು ಆರಂಭಿಸಿದರು, ಗುರಿ ಕೈಗೂಡಲಿಲ್ಲ. ಬೆಳಿಗ್ಗೆ ನಲ್ಲಿ ತಿರುಗಿಸಿದೊಡನೆ ಬರುವ ಮೊದಲ ನೀರನ್ನು ಕುಡಿಯಲು ಹಿಡಿಯಬಾರದೆಂದು ಚಾಳಿನ ಹೆಂಗಸರು ಹೇಳುತ್ತಿದ್ದುದು ಅವರು ಅನುಭವದಿಂದ ಕಂಡ ವಿಜ್ಞಾನ.

ಎರಡನೆಯ ಕಾರಣ ನಮ್ಮದೇ ಅಂಗಳದಲ್ಲಿದೆ. ಪಾಲಿಕೆಯ ಹೊಣೆ ಸೊಸೈಟಿಯ ಮೀಟರಿನ ಬಳಿ ಮುಗಿಯುತ್ತದೆ. ಅಲ್ಲಿಂದ ನೆಲದಡಿಯ ಟಾಂಕಿ, ಪಂಪು, ಗಚ್ಚಿನ ಮೇಲಿನ ಟಾಂಕಿ, ಕೊನೆಗೆ ನಮ್ಮ ನಲ್ಲಿ. ಚಾರ್ಕೋಪದ ಸಾಲುಮನೆಗಳಲ್ಲಿಯೂ ಠಾಕೂರ್ ಸಂಕುಲದ ಗೋಪುರಗಳಲ್ಲಿಯೂ ಈ ವ್ಯವಸ್ಥೆಯನ್ನು ನಡೆಸುವವರು ಸೊಸೈಟಿಯ ಕಾರ್ಯದರ್ಶಿ, ಖಜಾಂಚಿಗಳು. ಅವರಲ್ಲಿ ನಮ್ಮ ಶೆಟ್ಟರು, ರಾಯರು, ಪೂಜಾರಿಯವರು ಇದ್ದೇ ಇದ್ದಾರೆ. ಗೋಡೆಗೆ ಬಣ್ಣ ಬಳಿಸುವ ವಿಷಯದಲ್ಲಿ ಮಹಾಸಭೆಯಲ್ಲಿ ಮೂರು ಗಂಟೆ ಕಾದಾಡುವ ನಾವು, ಟಾಂಕಿಯನ್ನು ಹಿಂದೆಂದು ತೊಳೆಸಿತ್ತು ಎಂದು ಕೇಳಿದ್ದು ಅಪರೂಪ. ಟ್ಯಾಂಕರಿನಿಂದ ತರಿಸಿದ ಬಾವಿ, ಕೊಳವೆಬಾವಿಗಳ ನೀರನ್ನು ಅದೇ ಟಾಂಕಿಗೆ ಸುರಿದರೆ ಭಾಂಡುಪಿನಲ್ಲಿ ಪಟ್ಟ ಶ್ರಮವೆಲ್ಲ ವ್ಯರ್ಥ. 2025ರ ಏಪ್ರಿಲಿನಲ್ಲಿ ಖಾಸಗಿ ಟ್ಯಾಂಕರಿನವರು ಮುಷ್ಕರ ಹೂಡಿದಾಗ ಎಷ್ಟು ಸೊಸೈಟಿಗಳು ಆ ನೀರನ್ನು ನಂಬಿ ಬದುಕಿದ್ದವೆಂಬುದು ಬಯಲಾಯಿತು.

ಇನ್ನು ಲೆಕ್ಕದ ಮಾತು. ಅಯೋಗ್ಯ ಮಾದರಿಗಳು ನಗರಕ್ಕೆ ಒಟ್ಟಾರೆ ಶೇಕಡಾ ಒಂದರ ಆಸುಪಾಸು ಎಂದು ಪಾಲಿಕೆ ಈಚಿನ ವರ್ಷಗಳಲ್ಲಿ ಹೇಳುತ್ತ ಬಂದಿದೆ. ಅದು ಸಾಧನೆಯೇ. ಆದರೆ ಸರಾಸರಿ ಎಂಬುದು ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಮಾಯೆ. ಆ ಒಂದು ಪಾಲು ಪ್ರತಿಸಲವೂ ಅದೇ ಓಣಿಯದಾಗಿದ್ದರೆ ಅಲ್ಲಿಯ ಮಗುವಿಗೆ ಅದು ನೂರಕ್ಕೆ ನೂರು. ಕಾನೂನುಬದ್ಧ ನಲ್ಲಿಯೇ ಇಲ್ಲದವನ ನೀರನ್ನು ಯಾವ ಸೀಸೆಯಲ್ಲಿ ಹಿಡಿಯುತ್ತಾರೆ?

ಕಾಂದಿವಲಿ ಪೂರ್ವದ ಗುಡ್ಡದ ಅಂಚಿನ ಝೋಪಡಪಟ್ಟಿಗಳನ್ನೂ ಪೊಯಿಸರ್ ನದಿಯ ದಡವನ್ನೂ ನೋಡಿದವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. ಗಟಾರದೊಳಗೇ ಹಾಯಿಸಿದ ಕಿರುಗೊಳವೆಗಳು, ಜೋಡಣೆಗೆ ಸುತ್ತಿದ ರಬ್ಬರು. ಇಂಥ ವಸತಿಗಳಲ್ಲಿ ಇರುವವರೆಲ್ಲ ಪರಕೀಯರೆಂದು ತಿಳಿಯಬೇಕಾಗಿಲ್ಲ. ಕಲಬುರಗಿ, ವಿಜಾಪುರ ಸೀಮೆಗಳಿಂದ ಕಟ್ಟಡದ ಕೆಲಸಕ್ಕೆ ಬಂದು ನಾಕಾಗಳಲ್ಲಿ ನಿಲ್ಲುವವರ ಮಾತೂ ಕನ್ನಡವೇ. ನಮ್ಮ ಸಂಘಗಳ ಸಭಾಗೃಹಕ್ಕೆ ಅವರು ಬರುವುದಿಲ್ಲ; ನಾವು ಕರೆದೂ ಇಲ್ಲ. ಇಂತಿಷ್ಟನೆಯ ವರ್ಷದ ನಂತರ ಕಟ್ಟಿದ ಗುಡಿಸಲಿಗೆ ನೀರಿಲ್ಲವೆಂಬ ನಿಯಮವನ್ನು ಪಾನೀ ಹಕ್ಕ ಸಮಿತಿ ಪ್ರಶ್ನಿಸಿದಾಗ, ಮುಂಬಯಿ ಉಚ್ಚ ನ್ಯಾಯಾಲಯ 2014ರ ಡಿಸೆಂಬರಿನಲ್ಲಿ ನೀರು ಸಂವಿಧಾನದ 21ನೆಯ ವಿಧಿಯಡಿ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಅಂಥವರಿಗೂ ನೀರೊದಗಿಸುವ ನೀತಿ ರೂಪಿಸುವಂತೆ ಪಾಲಿಕೆಗೆ ಆದೇಶಿಸಿತು. 2022ರಲ್ಲಿ 'ಎಲ್ಲರಿಗೂ ನೀರು' ಎಂಬ ನೀತಿ ಘೋಷಣೆಯಾಯಿತು. ಘೋಷಣೆಗೂ ಕೊಳವೆಗೂ ನಡುವಿನ ಅಂತರವನ್ನು ಗುಡ್ಡ ಹತ್ತಿ ನೋಡಬೇಕು.

ಇದೆಲ್ಲ ದೊಡ್ಡ ಊರಿನ ರೋಗ, ನಮ್ಮ ನಾಡಿನಲ್ಲಿ ಹೀಗಿಲ್ಲ ಎಂದು ಸಮಾಧಾನಪಡುವಂತಿಲ್ಲ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಲ್ಲಿ ಸತ್ತ ಮೇಲೆ ಪರೀಕ್ಷೆ ನಡೆಯಿತು.

ಲೆಕ್ಕ ಕೇಳುವವರು ಬೇಕು. 2022ರ ಮಾರ್ಚಿನಲ್ಲಿ ಹಿಂದಿನ ಸಭಾಗೃಹದ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಈ ಮಹಾನಗರಪಾಲಿಕೆಯಲ್ಲಿ ಚುನಾಯಿತ ನಗರಸೇವಕರೇ ಇರಲಿಲ್ಲ. 2026ರ ಜನವರಿಯಲ್ಲಷ್ಟೇ ಚುನಾವಣೆ ನಡೆಯಿತು. ಮತ ಕೇಳಲು ನಮ್ಮ ಸಂಘದ ವೇದಿಕೆಗೆ ಬರುವವರು ಶಾಲು ಹೊದಿಸಿಕೊಂಡು ಹೋಗುವ ಮೊದಲು ವಾರ್ಡಿನ ನೀರಿನ ಪಟ್ಟಿಯನ್ನು ತಂದು ಓದಲಿ. ಅವರು ಓದದಿದ್ದರೆ ನಮ್ಮ ದಾರಿ ನಮಗಿದೆ. ಕಾಂದಿವಲಿ ಪಾಲಿಕೆಯ ಆರ್-ದಕ್ಷಿಣ ವಾರ್ಡಿಗೆ ಸೇರಿದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ 10 ರೂಪಾಯಿಯ ಶುಲ್ಕ ತೆತ್ತು ಆ ಕಚೇರಿಗೆ ನಾಲ್ಕು ಪ್ರಶ್ನೆ ಬರೆದರೆ ಸಾಕು: ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಮಾದರಿ ತೆಗೆದಿರಿ, ಯಾವ ಯಾವ ಜಾಗಗಳಿಂದ, ಎಷ್ಟು ಅಯೋಗ್ಯವಾದವು, ಆಮೇಲೆ ಏನು ಮಾಡಿದಿರಿ? ಉತ್ತರಕ್ಕೆ 30 ದಿನಗಳ ಗಡುವಿದೆ. ಅರ್ಜಿಯನ್ನು ಮರಾಠಿಯಲ್ಲಿ ಬರೆಯುವುದು ಲೇಸು. ನಮ್ಮ ಮಕ್ಕಳಿಗೆ ಕನ್ನಡಕ್ಕಿಂತ ಮರಾಠಿ ಬರೆಯುವುದೇ ಸುಲಭವಾಗಿರುವ ಕಾಲದಲ್ಲಿ ಅದೇನೂ ತೊಡಕಾಗಲಾರದು. ಮೊದಲ ಅರ್ಜಿ ಮಳೆಗಾಲಕ್ಕೆ ಮುನ್ನ, ಎರಡನೆಯದು ಮಳೆ ನಿಂತ ಮೇಲೆ ಹೋದರೆ, ಎರಡು ಪಟ್ಟಿಗಳನ್ನು ಎದುರುಬದುರು ಇಟ್ಟು ಯಾವ ಓಣಿಯ ಹೆಸರು ಎರಡರಲ್ಲಿಯೂ ಬಂದಿದೆಯೆಂದು ನೋಡಬಹುದು.