ಛಲಕ್ಕೆ ಆಸರೆ ಬೇಡವೆ?

ಕಾವ್ಯ ಬರೆಯುವವನಿಗೆ ಒಂದು ಲೇಖನಿ, ನಾಲ್ಕು ಹಾಳೆ ಕಾಗದ, ರಾತ್ರಿಯ ಒಂದೆರಡು ತಾಸಿನ ಏಕಾಂತ ದೊರೆತರೆ ಅವನ ಕೃತಿ ಪೂರ್ಣವಾಗಬಲ್ಲದು. ಅಚ್ಚಾಗದೆ ಪೆಟ್ಟಿಗೆಯ ತಳದಲ್ಲಿ ಉಳಿದರೂ ಅದು ಕಾವ್ಯವೇ. ಚಲನಚಿತ್ರಕ್ಕಾಗಿ ಬರೆಯುವವನ ಪಾಡು ಹಾಗಲ್ಲ. ಅವನ ಬರಹ ಮನೆಯ ನಕ್ಷೆಯಿದ್ದಂತೆ. ನಕ್ಷೆಯಲ್ಲಿ ಯಾರೂ ವಾಸಿಸಲಾರರು. ಕ್ಯಾಮೆರಾ, ಫಿಲ್ಮು, ನಟವರ್ಗ, ತಂತ್ರಜ್ಞರು, ಕಡೆಗೆ ಪ್ರದರ್ಶನಕ್ಕೊಂದು ಮಂದಿರ ಇವೆಲ್ಲ ಒದಗಿದ ಮೇಲೆಯೇ ಅವನ ಮಾತಿಗೆ ಜೀವ. ಇವೆಲ್ಲಕ್ಕೂ ಹಣ ಬೇಕು. ಆ ಹಣವಾದರೋ ಅನ್ಯರ ಕೈಯಲ್ಲಿರುತ್ತದೆ. ಆದುದರಿಂದಲೇ ಬಾಗಿಲಿನಿಂದ ಬಾಗಿಲಿಗೆ ಹೋಗಿ, "ಆಗದು" ಎಂಬ ಮಾತನ್ನು ಕೇಳಿ ಹಿಂದಿರುಗುವುದು ಈ ವೃತ್ತಿಯವನ ನಿತ್ಯಾನುಭವವಾಗಿದೆ.

ವಿದ್ಯಾಲಯದ ಸ್ಮರಣ ಸಂಚಿಕೆಯಲ್ಲಿ ಚಲನಚಿತ್ರದ ಹಣಕಾಸಿನ ಮಾತೇಕೆ ಎಂದು ವಾಚಕರು ಕೇಳಬಹುದು. ನಮ್ಮ ಶಾಲೆಗಳಿಂದ ಹೊರಬಿದ್ದವರೆಲ್ಲರೂ ವೈದ್ಯರೋ ಎಂಜಿನಿಯರರೋ ಆಗುವುದಿಲ್ಲ. ಕಥೆ ಕಟ್ಟುವ ಹುಚ್ಚು ಹಿಡಿದ ಒಬ್ಬನೋ ಇಬ್ಬರೋ ಪ್ರತಿ ತಂಡದಲ್ಲಿಯೂ ಇದ್ದೇ ಇರುತ್ತಾರೆ. ಅವರಿಗೆ ನಾವು ಸಾಮಾನ್ಯವಾಗಿ ಹೇಳುವ ಬುದ್ಧಿವಾದ ಒಂದೇ: "ಛಲ ಬಿಡಬೇಡ." ಈ ಬುದ್ಧಿವಾದ ಸುಳ್ಳಲ್ಲ, ಆದರೆ ಅರ್ಧಸತ್ಯ. ಉಳಿದ ಅರ್ಧವನ್ನು ಕುರಿತು ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಒಟ್ಟಾಗಿ ಯೋಚಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಛಲದ ನಿದರ್ಶನವಾಗಿ ಎಲ್ಲರೂ ಹೇಳುವ ಕಥೆ ಸತ್ಯಜಿತ್ ರಾಯ್ ಅವರದು. 1921ರಲ್ಲಿ ಜನಿಸಿದ ಅವರು ಕಲಕತ್ತೆಯಲ್ಲಿ ಬ್ರಿಟಿಷ್ ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರರಾಗಿದ್ದರು. ವಿಭೂತಿಭೂಷಣ ಬಂದ್ಯೋಪಾಧ್ಯಾಯರ 'ಪಥೇರ್ ಪಾಂಚಾಲಿ' ಕಾದಂಬರಿಯ ಮಕ್ಕಳ ಆವೃತ್ತಿಗೆ ಚಿತ್ರ ಬರೆಯುವಾಗ ಅದನ್ನು ತೆರೆಗೆ ತರುವ ಆಸೆ ಅವರಲ್ಲಿ ಮೊಳೆಯಿತು. 1950ರಲ್ಲಿ ಲಂಡನ್ನಿಗೆ ಹೋದಾಗ ಇಟಲಿಯ ಡಿ ಸಿಕಾರ 'ಬೈಸಿಕಲ್ ಥೀವ್ಸ್' ಚಿತ್ರವನ್ನು ಕಂಡು ಆ ಆಸೆ ಸಂಕಲ್ಪವಾಯಿತು. ಊರಿಗೆ ಮರಳಿದ ಮೇಲೆ ದೃಶ್ಯಗಳನ್ನೆಲ್ಲ ರೇಖಾಚಿತ್ರಗಳಾಗಿ ಬರೆದ ಪುಸ್ತಕವನ್ನು ಹಿಡಿದು ನಿರ್ಮಾಪಕರನ್ನು ಕಾಣಲು ಹೊರಟರು. ಹೆಸರಾಂತ ತಾರೆಯರಿಲ್ಲದ, ಹಾಡುಕುಣಿತಗಳಿಲ್ಲದ, ಬಡ ಪುರೋಹಿತನ ಮನೆಯೊಂದರ ಕಥೆಗೆ ಹಣ ಹಾಕುವವರು ಯಾರೂ ಸಿಗಲಿಲ್ಲ.

1952ರ ಅಕ್ಟೋಬರ್ 27ರಂದು ತಮ್ಮ ಜೀವವಿಮೆಯ ಮೇಲೆ ತೆಗೆದ ಸಾಲದಿಂದ ಅವರು ಚಿತ್ರೀಕರಣ ಪ್ರಾರಂಭಿಸಿದರು. ಬಿಳಿಯ ಕಾಶ ಹೂಗಳ ಬಯಲಿನಲ್ಲಿ ಮೊದಲ ದಿನದ ಕೆಲಸ ಮುಗಿಸಿ ಮುಂದಿನ ವಾರ ಹೋಗಿ ನೋಡಿದರೆ ಹೂವನ್ನೆಲ್ಲ ದನಗಳು ಮೇದುಬಿಟ್ಟಿದ್ದವು! ಆ ದೃಶ್ಯವನ್ನು ಮುಗಿಸಲು ಮುಂದಿನ ಹೂಬಿಡುವ ಕಾಲದವರೆಗೆ ಕಾಯಬೇಕಾಯಿತು. ನೌಕರಿಯನ್ನು ಬಿಡುವಂತಿಲ್ಲ, ರಜೆಯ ದಿನಗಳಲ್ಲಿಯೇ ಕೆಲಸ ಸಾಗಬೇಕು. ಗ್ರಾಮಫೋನ್ ತಟ್ಟೆಗಳು ಮಾರಾಟವಾದವು; ಮಡದಿಯ ಒಡವೆ ಗಿರವಿಯಂಗಡಿ ಸೇರಿತು. ಹಣ ತೀರಿದಾಗ ತಿಂಗಳುಗಟ್ಟಲೆ ಕೆಲಸ ನಿಂತಿತು. ಈ ಅವಧಿಯಲ್ಲಿ ಅಪುವಿನ ಪಾತ್ರದ ಬಾಲಕನ ಕಂಠ ಒಡೆಯದೆ, ದುರ್ಗಾಳ ಪಾತ್ರದ ಹುಡುಗಿ ಬೆಳೆದುಬಿಡದೆ, ಎಂಬತ್ತರ ಆಸುಪಾಸಿನ ಮುದುಕಿ ಚುನೀಬಾಲಾದೇವಿ ತೀರಿಕೊಳ್ಳದೆ ಉಳಿದದ್ದನ್ನು ರಾಯ್ ಅವರೇ ಪವಾಡಗಳೆಂದು ಎಣಿಸುತ್ತಿದ್ದರು. ಚಿತ್ರ 1955ರಲ್ಲಿ ತೆರೆ ಕಂಡಿತು; 1956ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ಮಾನವೀಯ ದಾಖಲೆಯೆಂಬ ಪುರಸ್ಕಾರ ಪಡೆಯಿತು.

ಇಷ್ಟನ್ನು ಹೇಳಿ "ನೋಡು, ಛಲದ ಫಲ" ಎಂದು ಮುಗಿಸುವುದು ವಾಡಿಕೆ. ಆದರೆ ನಡುವೆ ನಡೆದ ಒಂದು ಸಂಗತಿಯನ್ನು ನಾವು ಬಿಟ್ಟುಬಿಡುತ್ತೇವೆ. ಆ ಚಿತ್ರವನ್ನು ದಡ ಸೇರಿಸಿದ್ದು ಸಾರ್ವಜನಿಕರ ಹಣ. ತಾಯಿಯ ಪರಿಚಯದವರ ಮೂಲಕ ಮುಖ್ಯಮಂತ್ರಿ ಡಾ. ಬಿ. ಸಿ. ರಾಯ್ ಅವರವರೆಗೆ ವಿಷಯ ಮುಟ್ಟಿ, ಪಶ್ಚಿಮ ಬಂಗಾಳ ಸರ್ಕಾರ ಹಣ ಒದಗಿಸಿತು. 'ಪಥ'ದ ಹಾಡೆಂಬ ಆ ಶೀರ್ಷಿಕೆಗೆ ತಕ್ಕಂತೆಯೋ ಏನೋ, ಖರ್ಚು ರಸ್ತೆ ಸುಧಾರಣೆಯ ಬಾಬಿನಲ್ಲಿ ನಮೂದಾಯಿತೆಂಬುದು ಇಂದಿಗೂ ಜನ ನಕ್ಕು ಹೇಳುವ ಮಾತು. ಗ್ರಾಮಾಭಿವೃದ್ಧಿಯನ್ನು ತೋರುವಂತೆ ಕಥೆಯ ಅಂತ್ಯವನ್ನು ಬದಲಿಸಬಾರದೇಕೆ ಎಂಬ ಸಲಹೆ ಬಂದಾಗ ರಾಯ್ ಒಪ್ಪಲಿಲ್ಲ. ಬಸವಣ್ಣನವರು ಶರಣನಲ್ಲಿ ಛಲವನ್ನು ಬಯಸಿದರು. ಆದರೆ ಆ ಛಲ ಪಡೆಯುವ ಛಲಕ್ಕಿಂತ ಒಲ್ಲೆನೆನ್ನುವ ಛಲ. ಹಣವಿಲ್ಲದೆ ಮೂರು ವರ್ಷ ಬಳಲಿದವನು, ಹಣ ಕೈಗೆಟುಕುವ ಹೊತ್ತಿನಲ್ಲಿ ತನ್ನ ಕೃತಿಯನ್ನು ಕೆಡಿಸಲೊಲ್ಲೆನೆಂದುದು ಅಂತಹ ಛಲ. ನಮ್ಮ ವಿದ್ಯಾರ್ಥಿಗಳಿಗೆ ಕಲಿಸಬೇಕಾದದ್ದು ಇದನ್ನು.

ಈಗ ಅದೇ ನಗರದ, ಅದೇ ಕಾಲದ ಇನ್ನೊಬ್ಬರನ್ನು ನೆನೆಯೋಣ. 1925ರಲ್ಲಿ ಢಾಕಾದಲ್ಲಿ ಹುಟ್ಟಿ, ದೇಶವಿಭಜನೆಯ ಗಾಯವನ್ನು ಬದುಕಿನುದ್ದಕ್ಕೂ ಹೊತ್ತ ಋತ್ವಿಕ್ ಘಟಕ್ ಬರೆಯುವುದರಲ್ಲಿಯೂ ನಿರ್ದೇಶಿಸುವುದರಲ್ಲಿಯೂ ಸಮಾನ ಪ್ರತಿಭಾವಂತರು. ಬಿಮಲ್ ರಾಯ್ ಅವರ 'ಮಧುಮತಿ'ಯ ಕಥೆ ಇವರದೇ. ನೌಕರಿಗಾಗಿ ಅಲೆಯುವ ಕಲಕತ್ತೆಯ ತರುಣನೊಬ್ಬನನ್ನು ಕುರಿತ ತಮ್ಮ ಪ್ರಥಮ ಚಿತ್ರ 'ನಾಗರಿಕ್' ಅನ್ನು ಅವರು ಸಿದ್ಧಪಡಿಸಿದ್ದು 'ಪಥೇರ್ ಪಾಂಚಾಲಿ' ಮುಗಿಯುವುದಕ್ಕೂ ಮೊದಲೇ. ಆದರೆ ಅದು ತೆರೆ ಕಾಣಲಿಲ್ಲ. ಮುಂದೆ 1960ರ 'ಮೇಘೇ ಢಾಕಾ ತಾರಾ' ಜನಮೆಚ್ಚುಗೆ ಪಡೆದರೂ ಮರುವರ್ಷದ 'ಕೋಮಲ್ ಗಾಂಧಾರ್' ಸೋತಿತು. 1962ರಲ್ಲಿ ಸಿದ್ಧವಾದ 'ಸುವರ್ಣರೇಖಾ' ತೆರೆಗೆ ಬಂದದ್ದು 1965ರಲ್ಲಿ. ಪುಣೆಯ ಚಲನಚಿತ್ರ ಶಿಕ್ಷಣ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಬೋಧಿಸಿ ಒಂದು ಪೀಳಿಗೆಯನ್ನೇ ಬೆಳೆಸಿದ ಈ ಗುರು, ಮದ್ಯ ಮತ್ತು ರೋಗಗಳಿಗೆ ತುತ್ತಾಗಿ 1976ರ ಫೆಬ್ರವರಿ 6ರಂದು ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. 'ನಾಗರಿಕ್' ಬಿಡುಗಡೆಯಾದದ್ದು 1977ರಲ್ಲಿ. ಅದನ್ನು ಕಾಣಲು ಅದರ ಕರ್ತೃ ಇರಲಿಲ್ಲ.

ಘಟಕರಲ್ಲಿ ಛಲ ಕಡಿಮೆಯಾಗಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಅವರ ಕುಡಿತಕ್ಕೆಲ್ಲ ನಿರ್ಮಾಪಕರೇ ಕಾರಣರೆಂಬುದು ಅತಿಸರಳವಾದ ಮಾತು. ಮನುಷ್ಯನ ಅಂತರಂಗ ಅಷ್ಟು ಸುಲಭವಾಗಿ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಆದರೆ ಇಬ್ಬರ ಬಾಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಒಬ್ಬರಿಗೆ ತಿಂಗಳ ಸಂಬಳವಿತ್ತು, ಮನೆಯವರ ಬೆಂಬಲವಿತ್ತು, ಸರಿಯಾದ ಹೊತ್ತಿಗೆ ಒಂದು ಬಾಗಿಲು ತೆರೆಯಿತು. ಇನ್ನೊಬ್ಬರ ಮೊದಲ ಕೃತಿಗೇ ಬಾಗಿಲು ತೆರೆಯಲಿಲ್ಲ. ಛಲವು ದೀಪದ ಬತ್ತಿಯಂತೆ. ಎಣ್ಣೆಯಿದ್ದರೆ ಬತ್ತಿ ಬೆಳಕು ಕೊಡುತ್ತದೆ. ಎಣ್ಣೆ ತೀರಿದ ಮೇಲೂ ಉರಿಯೆಂದರೆ ತಾನೇ ಸುಟ್ಟು ಕರಕಾಗುತ್ತದೆ. "ಇನ್ನೂ ಉರಿ" ಎಂದು ಬತ್ತಿಗೆ ಉಪದೇಶಿಸುವವರು ಎಣ್ಣೆಯ ಮಾತನ್ನೂ ಆಡಬೇಕು.

ಕೀರ್ತಿ ಬಂದ ಮೇಲಾದರೂ ನಿರಾಕರಣೆ ನಿಲ್ಲುವುದೆಂದು ಭಾವಿಸಬಾರದು. ಲೋಕವಿಖ್ಯಾತರಾಗಿದ್ದ ರಾಯ್ ಅವರೇ 1967ರಲ್ಲಿ 'ದಿ ಏಲಿಯನ್' ಎಂಬ ಚಿತ್ರಕಥೆ ಬರೆದು ಅಮೆರಿಕದ ಕೊಲಂಬಿಯ ಸಂಸ್ಥೆಯೊಡನೆ ಮಾತುಕತೆ ನಡೆಸಿದರು, ಅದು ಕೈಗೂಡಲಿಲ್ಲ. ಆ ಸೋಲಿನ ಬೆನ್ನಲ್ಲಿಯೇ, 1969ರಲ್ಲಿ, ಅವರ ಅಜ್ಜ ಉಪೇಂದ್ರಕಿಶೋರರ ಕಥೆಯನ್ನಾಧರಿಸಿದ 'ಗೂಪಿ ಗಾಯೇನ್ ಬಾಘಾ ಬಾಯೇನ್' ತೆರೆಗೆ ಬಂದು ಬಂಗಾಳದ ಮಕ್ಕಳ ಮನೆಮಾತಾಯಿತು. ಇಡೀ ಚಿತ್ರಕ್ಕೆ ಬಣ್ಣ ತುಂಬುವಷ್ಟು ಹಣವಿಲ್ಲದೆ ಕೊನೆಯ ಭಾಗವಷ್ಟೇ ವರ್ಣಮಯವಾಯಿತು. ಒಂದು ಕೃತಿ ಮುರಿದುಬಿದ್ದಾಗ ಅದರ ಅವಶೇಷಗಳ ಬಳಿಯೇ ಕುಳಿತುಕೊಳ್ಳದೆ ಕೈಗೆಟುಕುವ ಇನ್ನೊಂದು ಕೆಲಸಕ್ಕೆ ತೊಡಗುವುದೂ ಛಲವೇ. 1983ರಲ್ಲಿ ಹೃದಯಾಘಾತವಾದ ಮೇಲೆ ಅವರು ಕಥಾಚಿತ್ರಗಳಿಂದ ಕೆಲವು ವರ್ಷ ದೂರವಿದ್ದು, ವೈದ್ಯರ ಕಟ್ಟಳೆಗೆ ಒಳಪಟ್ಟು, 1989ರ 'ಗಣಶತ್ರು'ವನ್ನು ಒಳಾಂಗಣದಲ್ಲಿಯೇ ಚಿತ್ರಿಸಿದರು. ದೇಹದ ಮಿತಿಯನ್ನು ಗೌರವಿಸುವುದು ಸೋಲೆಂದು ಯಾವ ತರುಣನೂ ಭಾವಿಸಬಾರದು. ನಿದ್ದೆಗೆಟ್ಟು, ಊಟ ಮರೆತು, ಸ್ನೇಹಿತರ ಮುಖ ನೋಡಲು ನಾಚಿ ಕೊಠಡಿಯಲ್ಲಿ ಕುಳಿತವನಿಗೆ ಬೇಕಾದದ್ದು ಸ್ಫೂರ್ತಿಯ ಭಾಷಣಕ್ಕಿಂತ ವಿಶ್ರಾಂತಿ ಮತ್ತು ಸಂಗ.

ಹಾಗಾದರೆ ಎಣ್ಣೆಯನ್ನು ಎರೆಯುವವರು ಯಾರು? ಸರ್ಕಾರವೆಂಬುದು ಒಂದು ಉತ್ತರ. 1960ರಲ್ಲಿ ಸ್ಥಾಪನೆಗೊಂಡ ಚಲನಚಿತ್ರ ಹಣಕಾಸು ನಿಗಮದ ನೆರವಿನಿಂದಲೇ ಮೃಣಾಲ್ ಸೇನರ 'ಭುವನ್ ಶೋಮ್' 1969ರಲ್ಲಿ ಹೊರಬಂದು ಹೊಸ ಅಲೆಯೊಂದಕ್ಕೆ ನಾಂದಿಯಾಯಿತು. ಚಲನಚಿತ್ರಕ್ಕೆ ಉದ್ಯಮವೆಂಬ ಮನ್ನಣೆ ಭಾರತ ಸರ್ಕಾರದಿಂದ ದೊರೆತದ್ದಾದರೋ 1998ರಲ್ಲಿ. ಅಲ್ಲಿಯವರೆಗೆ ಬ್ಯಾಂಕಿನ ಸಾಲ ಚಿತ್ರ ತೆಗೆಯುವವನಿಗೆ ಗಗನಕುಸುಮವಾಗಿತ್ತು. ಇಂದಿಗೂ ಅಡಮಾನವಿಡಲು ಕಥೆಯಲ್ಲದೆ ಬೇರೇನೂ ಇಲ್ಲದವನಿಗೆ ಬ್ಯಾಂಕು ದೂರದ ಬೆಟ್ಟವೇ.

ಇನ್ನೊಂದು ಉತ್ತರ ಸಮುದಾಯ. 1976ರಲ್ಲಿ ಶ್ಯಾಮ್ ಬೆನೆಗಲ್ ಅವರ 'ಮಂಥನ್' ಚಿತ್ರಕ್ಕೆ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಕೊಟ್ಟರು. ವಿಜಯ ತೆಂಡೂಲ್ಕರರ ಚಿತ್ರಕಥೆ, ನಮ್ಮ ಗಿರೀಶ ಕಾರ್ನಾಡರ ಅಭಿನಯ, ಹಾಲು ಹಾಕುವ ರೈತನೇ ನಿರ್ಮಾಪಕ! ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಅವರ ಒಡೆಸ್ಸಾ ಬಳಗದವರು ಊರೂರಿನಲ್ಲಿ ಜನರಿಂದ ಹಣ ಕೂಡಿಸಿ 1986ರಲ್ಲಿ 'ಅಮ್ಮ ಅರಿಯಾನ್' ತಯಾರಿಸಿದರು. ಕನ್ನಡದಲ್ಲಿಯೂ ಇದಕ್ಕೆ ನಿದರ್ಶನವಿದೆ. 'ಮನಸಾರೆ', 'ಪಂಚರಂಗಿ' ಚಿತ್ರಗಳ ಬರವಣಿಗೆಯಲ್ಲಿ ಪಾಲ್ಗೊಂಡಿದ್ದ ಪವನ್ ಕುಮಾರ್ ತಮ್ಮ 'ಲೂಸಿಯಾ' ಕಥೆಗೆ ನಿರ್ಮಾಪಕರು ದೊರೆಯದಿದ್ದಾಗ, ತಮಗಾದ ನಿರಾಶೆಯನ್ನು ಮುಚ್ಚಿಡದೆ ಬಹಿರಂಗವಾಗಿ ಬರೆದು ಪ್ರೇಕ್ಷಕರನ್ನೇ ನೇರವಾಗಿ ಕೇಳಿಕೊಂಡರು. ನೂರಕ್ಕೂ ಹೆಚ್ಚು ಜನ ಹಣ ಹೂಡಿದರು. 2013ರಲ್ಲಿ ಚಿತ್ರ ಹೊರಬಂದು ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿಯನ್ನೂ ಗಳಿಸಿತು.

ಈ ಕ್ರಮ ನಮಗೆ ಹೊಸದೆ? ಜೋಳಿಗೆ ಹಿಡಿದು ಮನೆಮನೆಗೆ ನಡೆದ ಸ್ವಾಮಿಗಳಿಂದ, ಹಿಡಿ ಹಿಡಿ ಧಾನ್ಯ ನೀಡಿದ ತಾಯಂದಿರಿಂದ ನಮ್ಮ ಪ್ರಸಾದ ನಿಲಯಗಳು ಬೆಳೆದವು. ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಸ್ವಾಮಿಗಳ ಸನ್ನಿಧಿಯಲ್ಲಿ ಸಾವಿರಾರು ಮಕ್ಕಳು ಉಂಡು ಓದಿದ್ದು ಹಾಗೆಯೇ. 1916ರಲ್ಲಿ ಬೆಳಗಾವಿಯಲ್ಲಿ ಕೆ. ಎಲ್. ಇ. ಸಂಸ್ಥೆಯನ್ನು ಕಟ್ಟಿದ ಏಳು ಜನರೂ ಅಧ್ಯಾಪಕರು; ಅವರ ಕನಸಿಗೂ ದಾನಿಗಳ ಆಸರೆ ಬೇಕಾಯಿತು. ಜೋಳಿಗೆಗೆ ಜೋಳ ಹಾಕಿದ ತಾಯಿ, ಅದನ್ನುಂಡ ಹುಡುಗ ಮುಂದೆ ಏನಾಗುವನೆಂದು ಕೇಳಲಿಲ್ಲ. ತನ್ನ ಹೆಸರನ್ನು ಅವನು ಹೇಳಬೇಕೆಂದೂ ಬಯಸಲಿಲ್ಲ. ದಾಸೋಹಕ್ಕೂ ದಾನಕ್ಕೂ ಇರುವ ವ್ಯತ್ಯಾಸ ಇದೇ ಅಲ್ಲವೆ?

ಕೊಠಡಿಗಳ ಸೂರು ಸೋರುತ್ತಿರುವಾಗ, ಬಡಮಕ್ಕಳ ಊಟಕ್ಕೆ ಧಾನ್ಯ ಬೇಕಿರುವಾಗ, ಕಥೆ ಬರೆಯುವವನಿಗೆ ಹಣವೇ ಎಂದು ದಾನಿಗಳು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಪ್ರಸಾದ ನಿಲಯದ ಒಂದು ಕಾಳನ್ನೂ ಇದಕ್ಕೆ ತೆಗೆಯಬಾರದು. ಚಲನಚಿತ್ರ ನಿರ್ಮಾಣವೂ ಶಾಲೆಯ ಕೆಲಸವಲ್ಲ. ಹಳೆಯ ವಿದ್ಯಾರ್ಥಿಗಳು ತಮ್ಮ ಗಳಿಕೆಯಿಂದ ಪ್ರತ್ಯೇಕವಾಗಿ ಒಂದು ಚಿಕ್ಕ ನಿಧಿಯನ್ನು ಸ್ಥಾಪಿಸಿ, ವರ್ಷಕ್ಕೊಬ್ಬ ಬರಹಗಾರನಿಗೆ, ಅವನು ನಾಟಕ ಬರೆಯಲಿ ಚಿತ್ರಕಥೆ ಬರೆಯಲಿ, ಆರು ತಿಂಗಳ ಊಟ ವಸತಿಯ ವೆಚ್ಚ ಒದಗಿಸಿದರೆ ಸಾಕು. ಬರಹದಲ್ಲಿ ಏನಿರಬೇಕು, ಏನಿರಬಾರದೆಂಬ ಷರತ್ತು ಬೇಡ. ಮುಂದೆ ಗಳಿಸಿದರೆ ಅವನು ನಿಧಿಗೆ ಮರಳಿಸಲಿ. ಗಳಿಸದಿದ್ದರೆ ಬಾಕಿಯೆಂದು ಬರೆದಿಡುವುದು ಬೇಡ. ಅವನಾದರೂ ಅಗತ್ಯಕ್ಕಿಂತ ಹೆಚ್ಚು ಪಡೆಯಬಾರದು. ಆಯ್ದಕ್ಕಿ ಮಾರಯ್ಯ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬಾರೆಂದ ಲಕ್ಕಮ್ಮ ತಾಯಿ ನಮ್ಮೆಲ್ಲರ ಲೆಕ್ಕ ಪರಿಶೋಧಕಿ.

ಅಧ್ಯಾಪಕರಿಗೊಂದು ಪ್ರತ್ಯೇಕ ಕರ್ತವ್ಯವಿದೆ. ಅದಕ್ಕೆ ಹಣವೂ ಬೇಡ. ಬರೆಯುವವನನ್ನು ಹೆಚ್ಚು ಬಳಲಿಸುವುದು "ಇಲ್ಲ" ಎಂಬ ಉತ್ತರಕ್ಕಿಂತ ಉತ್ತರವೇ ಬಾರದಿರುವುದು. ಹಸ್ತಪ್ರತಿಯನ್ನು ಇಸಿದುಕೊಂಡು ಓದದೆ ತಿಂಗಳುಗಟ್ಟಲೆ ಇಟ್ಟುಕೊಳ್ಳುವುದು ಲೋಕದ ರೂಢಿ. ಅನುಭವ ಮಂಟಪದ ಕ್ರಮ ಬೇರೆಯಾಗಿತ್ತು. ಶೂನ್ಯ ಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಎಷ್ಟು ಕಟುವಾಗಿ ಪ್ರಶ್ನಿಸುತ್ತಾರೆ! ಆದರೆ ಎದುರು ನಿಂತು ಪ್ರಶ್ನಿಸುತ್ತಾರೆ. ಆ ಬಳಿಕ ಅವನನ್ನು ಅಲ್ಲಿಯೇ ಬಿಡದೆ ಕಲ್ಯಾಣಕ್ಕೆ ಕರೆತರುತ್ತಾರೆ. ಕನ್ನಡ ಅಧ್ಯಾಪಕರು ಮೂವರು ಕೂಡಿ, ಹಳೆಯ ವಿದ್ಯಾರ್ಥಿಗಳು ಕಳುಹಿಸಿದ ಬರಹವನ್ನು ಒಂದು ತಿಂಗಳೊಳಗೆ ಓದಿ, ಎಲ್ಲಿ ಬಿಗಿಯಿದೆ, ಎಲ್ಲಿ ಸಡಿಲವಾಗಿದೆ, ಏಕೆ ಒಪ್ಪಿಗೆಯಿಲ್ಲವೆಂದು ಬರೆದು ತಿಳಿಸಿದರೆ ಅದೇ ಒಂದು ಮಹತ್ತಾದ ಆಸರೆ. ಕಾರಣಸಹಿತವಾದ ನಿರಾಕರಣೆ ಮುಂದಿನ ಪ್ರತಿಗೆ ಮೆಟ್ಟಿಲಾಗುತ್ತದೆ, ಮೌನ ಗೋಡೆಯಾಗುತ್ತದೆ.

ಕಾಯಕ ಒಬ್ಬನದು, ಅದನ್ನು ಉಳಿಸಿಕೊಳ್ಳುವ ಹೊಣೆ ನೆರೆದವರೆಲ್ಲರದು. ಕಾಯಕವನ್ನು ಕೊಂಡಾಡಿ ದಾಸೋಹವನ್ನು ಮರೆತರೆ ಶರಣರ ಮಾತಿನಲ್ಲಿ ಅರ್ಧವನ್ನಷ್ಟೇ ಆಚರಿಸಿದಂತಾಗುತ್ತದೆ. ಮುಂದಿನ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಈ ಎರಡು ಸಲಹೆಗಳನ್ನು, ನಿಧಿಯನ್ನೂ ಓದುಗ ಮಂಡಲಿಯನ್ನೂ, ಚರ್ಚೆಗೆ ತೆಗೆದುಕೊಳ್ಳಬೇಕೆಂದು ಪೂಜ್ಯ ಸ್ವಾಮಿಗಳವರಲ್ಲಿಯೂ ಆಡಳಿತ ಮಂಡಲಿಯವರಲ್ಲಿಯೂ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.